ಕಟ್ಟೆ ಒಡೆದರೆ ಕಟ್ಟುವವರು ಯಾರು? ಮಕ್ಕಳ ಪುಸ್ತಕದೊಳಗಿನ ಊರು

ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಊರು ಇರುತ್ತದೆ, ಆ ಊರಿನ ಕೆರೆ, ಅಜ್ಜಿಮನೆ, ಜಾತ್ರೆ, ಮಾವಿನ ತೋಪು ಎಲ್ಲವೂ ಇರುತ್ತವೆ. ಆದರೆ ಕೆರೆಯ ಹೂಳನ್ನು ಯಾರು ತೆಗೆಸಬೇಕು, ಜಾತ್ರೆಯ ತೇರನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ತೀರ್ಮಾನಿಸಿದವರು ಯಾರು, ತೋಪಿನ ಫಸಲು ಯಾರ ಪಾಲಾಗುತ್ತದೆ ಎಂಬ ಪ್ರಶ್ನೆಗಳು ಬಹುತೇಕ ಪುಸ್ತಕಗಳಲ್ಲಿ ಏಳುವುದೇ ಇಲ್ಲ. ಮಕ್ಕಳಲ್ಲಿ ಸಾಮಾಜಿಕ ಕಾಳಜಿ ಬೆಳೆಸುವ ಪುಸ್ತಕ ಎಂದೊಡನೆ ನಮ್ಮಲ್ಲಿ ಸಾಮಾನ್ಯವಾಗಿ ಬರೆಯಲಾಗುವುದು ಗಿಡ ನೆಡಲು, ಕಸವನ್ನು ತೊಟ್ಟಿಗೆ ಹಾಕಲು, ನಲ್ಲಿಯನ್ನು ಸರಿಯಾಗಿ ನಿಲ್ಲಿಸಲು, ಹಿರಿಯರನ್ನು ಗೌರವಿಸಲು ಹೇಳುವ ಕಥೆಗಳು. ಇವು ಕೆಟ್ಟ ಮಾತುಗಳಲ್ಲ. ಆದರೆ ನಲ್ಲಿ ನಿಲ್ಲಿಸಲು ಹೇಳುವ ಪುಸ್ತಕವು ನಲ್ಲಿಯೇ ಇಲ್ಲದ ಮನೆಯ ಮಗುವಿನ ಕೈಗೂ ಹೋಗುತ್ತದೆ, ಮತ್ತು ಆ ಮಗುವಿಗೆ ತನ್ನ ಕೇರಿಗೆ ಕೊಳಾಯಿ ಏಕೆ ಬಂದಿಲ್ಲ ಎಂಬುದನ್ನು ತಿಳಿಯಲು ಅದರಿಂದ ಯಾವ ಸಹಾಯವೂ ಆಗುವುದಿಲ್ಲ. ಒಬ್ಬೊಬ್ಬರ ನಡತೆಯನ್ನು ತಿದ್ದುವುದು ಒಂದು ಕೆಲಸ. ಹಲವರು ಕೂಡಿ ಬಾಳುವಾಗ ಆಗುವ ತೀರ್ಮಾನಗಳನ್ನೂ ಜಗಳಗಳನ್ನೂ ಪಾಲುಹಂಚಿಕೆಯನ್ನೂ ಮಗುವಿಗೆ ಕಾಣಿಸುವುದು ಬೇರೆಯೇ ಕೆಲಸ. ಮೊದಲನೆಯದು ನಮ್ಮಲ್ಲಿ ಹೇರಳವಾಗಿದೆ, ಎರಡನೆಯದು ವಿರಳವಾಗಿದೆ.

ಎರಡನೆಯ ಬಗೆಯ ಬರವಣಿಗೆಗೆ ವಸ್ತು ಎಷ್ಟು ಹತ್ತಿರದಲ್ಲಿರುತ್ತದೆ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಕಾಗಾಲವನ್ನು ನೋಡಬಹುದು. ಅಘನಾಶಿನಿ ನದಿ ಕಡಲನ್ನು ಸೇರುವ ಅಳಿವೆಯ, ಎಂದರೆ ಸಿಹಿನೀರೂ ಉಪ್ಪುನೀರೂ ದಿನಕ್ಕೆರಡು ಬಾರಿ ಬೆರೆತು ಬೇರಾಗುವ ನದೀಮುಖದ, ದಕ್ಷಿಣ ದಂಡೆಗೆ ಈ ಊರು ಇದೆ. ಅಳಿವೆಯ ಅಂಚಿನಲ್ಲಿ ಕಡಲ ಮಟ್ಟಕ್ಕೇ ಚಾಚಿಕೊಂಡಿರುವ, ಕಟ್ಟೆ ಹಾಕಿ ಉಬ್ಬರದ ನೀರನ್ನು ತಡೆದು ಬೇಸಾಯಕ್ಕೆ ಒದಗಿಸಿಕೊಂಡ ತಗ್ಗುಗದ್ದೆಗಳಿಗೆ ಇಲ್ಲಿ ಗಜನಿ ಎಂದು ಹೆಸರು. ಉಪ್ಪಿನಂಶವನ್ನು ತಡೆದುಕೊಂಡು, ನೀರು ನಿಂತಂತೆಲ್ಲ ಎತ್ತರಕ್ಕೆ ಬೆಳೆಯುವ ಕಗ್ಗ ಎಂಬ ಭತ್ತವೇ ಈ ಗದ್ದೆಗಳ ಹಳೆಯ ಬೆಳೆ. ಮುಂಗಾರು ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಚೆಲ್ಲುತ್ತಾರೆ, ಗೊಬ್ಬರ ಕೇಳದೆ ಬೆಳೆಯುವ ಪೈರು ಹಣ್ಣಾದಾಗ ಗದ್ದೆಯಲ್ಲಿ ಇನ್ನೂ ನೀರಿರುವುದರಿಂದ ಬುಡದವರೆಗೆ ಕೊಯ್ಯದೆ ತೆನೆಯ ಭಾಗವನ್ನಷ್ಟೇ ಕತ್ತರಿಸಿಕೊಳ್ಳುತ್ತಾರೆ. ಕಗ್ಗದ ಅಕ್ಕಿಯ ಗಂಜಿಗೆ ಈ ಸೀಮೆಯಲ್ಲಿ ಒಳ್ಳೆಯ ಹೆಸರಿದೆ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರನ್ನು ಬಿಟ್ಟುಕೊಂಡರೆ ನೀರಿನೊಡನೆ ಬರುವ ಸಿಗಡಿ, ಮೀನುಗಳು ಉಳಿದ ಕೂಳೆಯನ್ನು ತಿಂದು ಬೆಳೆಯುತ್ತವೆ, ಹೀಗಾಗಿ ಒಂದೇ ನೆಲ ಮಳೆಗಾಲದಲ್ಲಿ ಅನ್ನವನ್ನೂ ಬೇಸಿಗೆಯಲ್ಲಿ ಮೀನನ್ನೂ ಕೊಡುತ್ತದೆ.

ಮಕ್ಕಳ ಲೇಖಕನ ಕಣ್ಣು ನಿಲ್ಲಬೇಕಾದದ್ದು ಈ ವ್ಯವಸ್ಥೆಯ ಸೊಗಸಿನ ಮೇಲೆ ಮಾತ್ರವಲ್ಲ, ಅದರ ತೂಬಿನ ಮೇಲೆ. ಗಜನಿಯ ಕಟ್ಟೆಯಲ್ಲಿ ನೀರನ್ನು ಒಳಬಿಡುವ, ಹೊರಬಿಡುವ ಹಲಗೆಬಾಗಿಲು ಇರುತ್ತದೆ. ಅದನ್ನು ಹಾಕುವ ಮತ್ತು ತೆಗೆಯುವ ಹೊತ್ತು ತಪ್ಪಿದರೆ ಒಬ್ಬನ ಗದ್ದೆಯಲ್ಲ, ಕಟ್ಟೆಯೊಳಗಿನ ಅಷ್ಟೂ ಗದ್ದೆಗಳು ಹಾಳಾಗುತ್ತವೆ. ಕಟ್ಟೆಗೆ ಏಡಿ ಕೊರೆದ ಒಂದು ತೂತು ಹುಣ್ಣಿಮೆಯ ಉಬ್ಬರಕ್ಕೆ ಸಿಕ್ಕಿ ಬೆಳಗಾಗುವುದರೊಳಗೆ ದೊಡ್ಡ ಬಿರುಕಾಗಬಲ್ಲದು, ಆಗ ಮಣ್ಣು ಹೊರಲು ಗದ್ದೆಯ ಒಡೆಯರೂ ಗೇಣಿಗೆ ಮಾಡುವವರೂ ಕೂಲಿಯವರೂ ಒಟ್ಟಾಗಿ ಬರಬೇಕಾಗುತ್ತದೆ. ಹಿಂದೆ ಈ ಕಟ್ಟೆಗಳನ್ನು ಊರವರೇ ಸೇರಿ ವರ್ಷವರ್ಷವೂ ಮಣ್ಣಿನಿಂದ ಕಟ್ಟಿಕೊಳ್ಳುತ್ತಿದ್ದರು. 1970ರ ದಶಕದಿಂದ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಡಿ, ಅಂದರೆ ಉಪ್ಪುನೀರು ನುಗ್ಗುವ ಭೂಮಿಯನ್ನು ರಕ್ಷಿಸುವ ಯೋಜನೆಯಡಿ, ಕಾಯಂ ಒಡ್ಡುಗಳನ್ನು ಕಟ್ಟಿಸಿತು. ಒಡ್ಡು ಸರ್ಕಾರದ್ದಾದ ಮೇಲೆ ಅದನ್ನು ಕಾಯುವ ಹೊಣೆ ಯಾರದೆಂಬುದು ಮಸುಕಾಯಿತು. ಮುಂದೆ ಭತ್ತಕ್ಕಿಂತ ಸಿಗಡಿಯಲ್ಲಿ ಹೆಚ್ಚು ಹಣವಿದೆ ಎಂದು ಕಂಡಾಗ ತೂಬಿನ ಬಾಗಿಲನ್ನು ಯಾವಾಗ ತೆರೆಯಬೇಕೆಂಬ ಪ್ರಶ್ನೆ ಬೇಸಾಯದ ಪ್ರಶ್ನೆಯಾಗಿ ಉಳಿಯಲಿಲ್ಲ, ಅದು ಭತ್ತದವರ ಮತ್ತು ಸಿಗಡಿಯವರ ನಡುವಿನ ವ್ಯಾಜ್ಯವಾಯಿತು. ದೇಶದ ಕರಾವಳಿಯಲ್ಲೆಲ್ಲ ಹಬ್ಬಿದ್ದ ಸಿಗಡಿ ಉದ್ಯಮದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1996ರ ಡಿಸೆಂಬರ್‌ನಲ್ಲಿ ಕರಾವಳಿ ನಿಯಂತ್ರಣ ವಲಯದೊಳಗಿನ ವಾಣಿಜ್ಯ ಸಿಗಡಿ ಕೊಳಗಳನ್ನು ತೆರವುಗೊಳಿಸಲು, ಸಾಂಪ್ರದಾಯಿಕ ಪದ್ಧತಿಯವನ್ನು ಉಳಿಸಿಕೊಳ್ಳಲು ತೀರ್ಪು ಬಂತು.

ಹತ್ತು ವರ್ಷದ ಮಗುವಿಗೆ ಇಷ್ಟೆಲ್ಲ ಏಕೆ ಬೇಕು ಎಂದು ಕೇಳುವವರಿದ್ದಾರೆ. ಆದರೆ ಗಜನಿಯ ದಂಡೆಯ ಮಗು ಈ ಸಂಗತಿಗಳ ನಡುವೆಯೇ ಬೆಳೆಯುತ್ತದೆ. ಮನೆಯ ಜಗಲಿಯ ಮೇಲೆ ಕಟ್ಟೆಯ ಜಗಳವನ್ನು ಕೇಳುತ್ತದೆ, ಗಜನಿಯಲ್ಲಿ ಸಿಗಡಿ ಹಿಡಿಯುವ ಹಕ್ಕಿನ ಹರಾಜಿನ ದಿನ ಯಾರ ಮುಖ ಸಪ್ಪೆಯಾಯಿತೆಂದು ನೋಡುತ್ತದೆ. ಪುಸ್ತಕವು ಮಗುವಿಗೆ ಹೊಸದಾಗಿ ಕೊಡಬೇಕಾದದ್ದು ಮಾಹಿತಿಯಲ್ಲ, ತಾನು ಕಂಡದ್ದಕ್ಕೆ ಒಂದು ಕ್ರಮ ಮತ್ತು ಕೇಳಲು ಒಂದು ಧೈರ್ಯ. ಇಪ್ಪತ್ತನಾಲ್ಕು ಪುಟದ ಒಂದು ಚಿತ್ರಪುಸ್ತಕದಲ್ಲಿ ರಾತ್ರಿ ಕಟ್ಟೆ ಸೋರುವುದನ್ನು ಮೊದಲು ಕಂಡ ಹುಡುಗಿಯೊಬ್ಬಳು ಯಾರಿಗೆ ಹೇಳಬೇಕೆಂದು ಹುಡುಕುತ್ತ ಹೋಗುವ ಕಥೆಯನ್ನು ಊಹಿಸಬಹುದು: ಗದ್ದೆಯ ಒಡೆಯ ಅದು ಸರ್ಕಾರದ ಕಟ್ಟೆ ಎನ್ನುತ್ತಾನೆ, ಪಂಚಾಯಿತಿಯವರು ಅದು ಇಲಾಖೆಗೆ ಸೇರಿದ್ದು ಎನ್ನುತ್ತಾರೆ, ಇಲಾಖೆಯವರು ಅರ್ಜಿ ಕೊಡಿ ಎನ್ನುತ್ತಾರೆ, ಸಿಗಡಿ ಹಿಡಿಯುವವನು ಸೋರಿದರೆ ಒಳ್ಳೆಯದೇ ಎನ್ನುತ್ತಾನೆ, ಉಬ್ಬರ ಮಾತ್ರ ಯಾರ ಉತ್ತರಕ್ಕೂ ಕಾಯುವುದಿಲ್ಲ. ಇಂಥ ಕಥೆಯಲ್ಲಿ ಖಳನಾಯಕನ ಅಗತ್ಯವಿಲ್ಲ, ಏಕೆಂದರೆ ಪ್ರತಿಯೊಬ್ಬನಿಗೂ ತನ್ನದೇ ಕಾರಣವಿದೆ. ಹುಡುಗಿ ಕಟ್ಟೆಯನ್ನು ಒಬ್ಬಳೇ ಉಳಿಸಿ ಸನ್ಮಾನ ಪಡೆಯುವುದಂತೂ ಬೇಡವೇ ಬೇಡ. ಸಾಹಸಿ ಬಾಲಕ ಊರನ್ನು ಕಾಪಾಡುವ ಕಥೆಗಳು ಓದಲು ಚೆನ್ನಾಗಿರುತ್ತವೆ, ಆದರೆ ಅವು ಸಾರ್ವಜನಿಕ ಕೆಲಸವನ್ನು ಒಬ್ಬ ವೀರನ ಕೆಲಸವೆಂದು ತೋರಿಸಿ ಮಿಕ್ಕವರನ್ನೆಲ್ಲ ಚಪ್ಪಾಳೆಗೆ ಮೀಸಲಿಡುತ್ತವೆ.

ಅಘನಾಶಿನಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ತಾಣದ ಮನ್ನಣೆ ದೊರೆತಿದೆ, ಎಂದರೆ 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಗುರುತಿಸಲಾಗಿದೆ. ಅದರ ವಿಸ್ತಾರ 4,801 ಹೆಕ್ಟೇರ್. ಇದೇ ನದೀಮುಖದ ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವ ಬಂದು, ಜನರ ವಿರೋಧದ ನಡುವೆ ಅದು ಕೈಬಿಟ್ಟುಹೋದದ್ದು ಈಗಿನ ಶಾಲಾಮಕ್ಕಳಲ್ಲಿ ಹಲವರು ಹುಟ್ಟುವ ಮುಂಚಿನ ಮಾತು. ಪರಿಸರದ ಬಗ್ಗೆ ಮಕ್ಕಳಿಗೆ ಬರೆಯುವವರು ಹಕ್ಕಿಗಳ ಬಣ್ಣವನ್ನು ವರ್ಣಿಸುವಷ್ಟು ಉತ್ಸಾಹದಿಂದ ಈ ಪ್ರಸ್ತಾವದ ಕಥೆಯನ್ನು ಹೇಳುವುದಿಲ್ಲ. ಹಕ್ಕಿ ಉಳಿದದ್ದು ಹೇಗೆ ಎಂಬುದಕ್ಕೆ ಉತ್ತರ ಇರುವುದು ಆ ಎರಡನೆಯ ಕಥೆಯಲ್ಲಿ.

ಸಮಾಜವನ್ನು ಮಕ್ಕಳ ಓದಿಗೆ ತರುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಕನ್ನಡ ಮಕ್ಕಳಿಗೆ ಅವರದೇ ಪುಸ್ತಕಗಳಿರಬೇಕೆಂದು ದುಡಿದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಸಿದ್ಧಪಡಿಸಿ, ಮಗುವಿನ ಕುತೂಹಲಕ್ಕೆ ನಿಷಿದ್ಧವಾದ ವಿಷಯವೇ ಇಲ್ಲವೆಂದು ತೋರಿಸಿದರು, ಅದೇ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರದ ವಿರೋಧವನ್ನು ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದ್ದರೆಂಬುದು ಬಾಲಪ್ರಪಂಚದ ಮುಂದುವರಿದ ಅಧ್ಯಾಯದಂತೆ ಕಾಣುತ್ತದೆ. ಕುವೆಂಪು ಅವರು ರಾಬರ್ಟ್ ಬ್ರೌನಿಂಗನ ಕವಿತೆಯನ್ನು ಕನ್ನಡದ ನೆಲಕ್ಕೆ ಒಗ್ಗಿಸಿ ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಮೂರು ತಲೆಮಾರುಗಳು ಇಲಿಗಳ ಗದ್ದಲಕ್ಕಾಗಿ ಪ್ರೀತಿಸಿವೆ, ಆದರೆ ಆ ಕಥೆಯ ತಿರುಳು ಕೂಲಿಯ ಕರಾರು. ಕೆಲಸ ಮಾಡಿಸಿಕೊಂಡ ಊರಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ, ಆ ತಪ್ಪಿನ ಬೆಲೆಯನ್ನು ತೆರುವವರು ತೀರ್ಮಾನದಲ್ಲಿ ಪಾಲೇ ಇಲ್ಲದ ಮಕ್ಕಳು. ಆಡಳಿತದ ವಚನಭಂಗವನ್ನು ಇದಕ್ಕಿಂತ ಚೆನ್ನಾಗಿ ಮಕ್ಕಳಿಗೆ ಹೇಳಿದ ಕೃತಿ ಕನ್ನಡದಲ್ಲಿ ಇನ್ನೊಂದು ಸಿಗುವುದು ಕಷ್ಟ, ಮತ್ತು ಕವಿ ಎಲ್ಲಿಯೂ ನಿಂತು ನೀತಿ ಹೇಳುವುದಿಲ್ಲ.

ಉತ್ತರ ಕನ್ನಡದ ಮಟ್ಟಿಗೆ ಈ ಚರ್ಚೆ ದಿನಕರ ದೇಸಾಯಿಯವರನ್ನು (1909–1982) ಬಿಟ್ಟು ಮುಂದೆ ಹೋಗಲಾರದು. ಅಂಕೋಲಾ ಸೀಮೆಯ ಈ ಕವಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯ ಹಡಗು ಕಾರ್ಮಿಕರನ್ನೂ ತಮ್ಮ ಜಿಲ್ಲೆಯ ಗೇಣಿದಾರರನ್ನೂ ಸಂಘಟಿಸಿದವರು. ಉಳುವವರ ಪರ ನಿಂತದ್ದಕ್ಕೆ ಅಂದಿನ ಮುಂಬಯಿ ಸರ್ಕಾರ 1940ರಲ್ಲಿ ಅವರನ್ನು ಐದು ವರ್ಷ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯಿತು, 1967ರಲ್ಲಿ ಅವರು ಲೋಕಸಭೆಗೂ ಆಯ್ಕೆಯಾದರು. ಸಮಾಜದ ಬಗ್ಗೆ ಹೇಳಲು ಇವರಷ್ಟು ಮಾತಿದ್ದ ಮಕ್ಕಳ ಕವಿ ಬೇರೊಬ್ಬರಿಲ್ಲ. ಆದರೂ ಅವರ ‘ಗಡಿಯಾರ’ದ ಪದ್ಯ ಕನ್ನಡ ಶಾಲೆಗಳಲ್ಲಿ ಉಳಿದುಬಂದದ್ದು ಅದರ ಲಯದಿಂದ, ಆಟದಿಂದ. ವ್ಯಂಗ್ಯವನ್ನೂ ರಾಜಕೀಯವನ್ನೂ ಅವರು ಚುಟುಕಗಳಿಗೆ, ಎಂದರೆ ಅವರ ಹೆಸರಿನೊಡನೆಯೇ ಬೆಸೆದುಹೋದ ನಾಲ್ಕು ಸಾಲಿನ ಪದ್ಯಗಳಿಗೆ, ಇಟ್ಟುಕೊಂಡರು. ಇದನ್ನು ಹಿಂಜರಿಕೆ ಎಂದು ಓದಬಾರದು. ಮಕ್ಕಳಿಗೆ ಅವರು ಕೊಟ್ಟ ಸಾಮಾಜಿಕ ಕೃತಿ ಶಾಲೆಯೇ ಆಗಿತ್ತು, ಪದ್ಯವನ್ನು ಅವರು ಭಾಷಣದ ಭಾರದಿಂದ ಉಳಿಸಿದರು.

ಇದಕ್ಕೆ ಬೇರೆಯದೇ ಹಾದಿ ಹಿಡಿದವರು ಹೊನ್ನಾವರ ತಾಲ್ಲೂಕಿನ ಕೆರೆಕೋಣದ ಆರ್.ವಿ. ಭಂಡಾರಿಯವರು. ಶಿಕ್ಷಕರಾಗಿದ್ದ ಅವರು 1979ರಲ್ಲಿ ಸಂಘಟನೆಯ ರೂಪ ಪಡೆದ ಬಂಡಾಯ ಸಾಹಿತ್ಯ ಚಳವಳಿಯ, ಎಂದರೆ ಜಾತಿ ಮತ್ತು ವರ್ಗದ ಅಸಮಾನತೆಯನ್ನು ಪ್ರತಿಭಟಿಸುವುದೇ ಬರವಣಿಗೆಯ ಹೊಣೆಯೆಂದು ನಂಬಿದ ಲೇಖಕರ ಕೂಟದ, ಜೊತೆಗಿದ್ದವರು. ಅದೇ ನಿಲುವನ್ನು ಮಕ್ಕಳ ಕಾದಂಬರಿ, ನಾಟಕಗಳಿಗೂ ತಂದರು. ದೊಡ್ಡವರಿಗೆ ಬಂಡಾಯ, ಮಕ್ಕಳಿಗೆ ಮೊಲ–ಆಮೆ ಎಂಬ ವಿಂಗಡಣೆಯನ್ನು ಅವರು ಒಪ್ಪಲಿಲ್ಲ. ಅವರ ನೆನಪಿನಲ್ಲಿ ಕೆರೆಕೋಣದಲ್ಲಿ ನಡೆದುಬಂದಿರುವ ‘ಸಹಯಾನ’ ಸಾಹಿತ್ಯೋತ್ಸವ ಸಾಹಿತ್ಯ ಮತ್ತು ಸಮಾಜದ ಸಂಬಂಧವನ್ನೇ ಮತ್ತೆ ಮತ್ತೆ ಚರ್ಚೆಗೆ ಎತ್ತಿಕೊಂಡಿದೆ. ದೇಸಾಯಿ ಮತ್ತು ಭಂಡಾರಿ ಇಬ್ಬರ ದಾರಿಗಳಲ್ಲಿ ಯಾವುದು ಸರಿ ಎಂದು ಪಂಥ ಕಟ್ಟುವುದರಿಂದ ಫಲವಿಲ್ಲ. ಎರಡನೆಯ ದಾರಿ ಹೆಚ್ಚು ಕಷ್ಟದ್ದು ಎಂಬುದಂತೂ ನಿಜ, ಏಕೆಂದರೆ ಅನ್ಯಾಯವನ್ನು ಕಾಣಿಸುವ ಆತುರದಲ್ಲಿ ಪಾತ್ರಗಳು ಫಲಕ ಹಿಡಿದ ಬೊಂಬೆಗಳಾಗುವ ಅಪಾಯ ಅಲ್ಲಿ ಸದಾ ಇರುತ್ತದೆ, ಮಕ್ಕಳು ಇಂಥ ಬೊಂಬೆಯನ್ನು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ.

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಆರಂಭಿಸಿದ ಬಾಲಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯನ್ನು ನೋಡಿದರೆ ಈ ಕಷ್ಟದ ದಾರಿಗೆ ಮನ್ನಣೆ ಸಿಗುತ್ತಿರುವುದು ಕಾಣುತ್ತದೆ. ಮೊದಲ ವರ್ಷದ ಗೌರವ ಬೊಳುವಾರು ಮಹಮದ್ ಕುಂಞಿ ಅವರು ಗಾಂಧಿಯ ಬದುಕನ್ನು ಮಕ್ಕಳಿಗಾಗಿ ಹೇಳಿದ ಕೃತಿಗೆ ಸಂದಿತು. 2011ರಲ್ಲಿ ಅದು ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ ಬಂತು. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ ಮೇಲೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ನಿಂತಾಗ ನೀರಿನಡಿ ಹೋದ ಊರುಗಳೇ ಡಿಸೋಜರ ಬರವಣಿಗೆಯ ಉದ್ದಕ್ಕೂ ಕಾಡಿದ ವಸ್ತು; ದೊಡ್ಡವರಿಗಾಗಿ ‘ಮುಳುಗಡೆ’, ‘ದ್ವೀಪ’ ಬರೆದವರು ಅದೇ ನೋವನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ರಾಜ್ಯಕ್ಕೆ ಬೆಳಕು ಕೊಟ್ಟ ನದಿ ಕೆಲವರ ಮನೆಯನ್ನು ಕಸಿದುಕೊಂಡಿತು ಎಂಬ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಳ್ಳಲು ಮಗುವಿಗೆ ಆಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. 2022ರಲ್ಲಿ ಈ ಪುರಸ್ಕಾರ ಪಡೆದ ‘ಬಾವಲಿ ಗುಹೆ’ಯ ಲೇಖಕ ತಮ್ಮಣ್ಣ ಬೀಗಾರ ಅವರು ಉತ್ತರ ಕನ್ನಡ ಜಿಲ್ಲೆಯ ಸಿದ್ಧಾಪುರದವರು, ಶಾಲೆಯಲ್ಲಿ ಮಕ್ಕಳ ಜೊತೆ ವರ್ಷಗಟ್ಟಲೆ ಕಳೆದವರು.

ಚರಿತ್ರೆಯ ವಿಷಯಕ್ಕೆ ಬಂದರೆ ವಸ್ತು ಇನ್ನೂ ಹೇರಳ. ಅಳಿವೆಯ ಉತ್ತರ ದಂಡೆಯ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪಿನ ಆಗರಗಳಿವೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಅಂಕೋಲೆಯ ಕಡಲದಂಡೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆಯನ್ನು ಮುರಿಯಲಾಯಿತು. ಮುಂದೆ ಅಂಕೋಲಾ, ಸಿದ್ಧಾಪುರಗಳ ರೈತರು ಕರನಿರಾಕರಣೆಗೆ, ಅಂದರೆ ಭೂಕಂದಾಯ ಕೊಡದೆ ಅದರ ಪರಿಣಾಮವನ್ನು ಎದುರಿಸುವ ಚಳವಳಿಗೆ, ಇಳಿದಾಗ ಅವರ ಹೊಲಮನೆಗಳು ಜಪ್ತಿಯಾದವು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರು ಬ್ರಿಟಿಷರಲ್ಲ, ನೆರೆಹೊರೆಯವರೇ. ಅಂಥವರ ಮನೆಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು. ದಂಡಿಯ ನಡಿಗೆಯನ್ನು ಪಠ್ಯದಲ್ಲಿ ಓದುವ ಕುಮಟೆಯ ಮಗುವಿಗೆ ಈ ಉಪವಾಸದ ಕಥೆ ಹೆಚ್ಚು ಕಠಿಣವಾದ ಪ್ರಶ್ನೆಯನ್ನು ಕೇಳುತ್ತದೆ: ಕಾನೂನಿನ ಪ್ರಕಾರ ಕೊಂಡ ಗದ್ದೆ ನ್ಯಾಯದ ಪ್ರಕಾರ ಯಾರದು, ಮತ್ತು ತಪ್ಪು ಮಾಡಿದವರು ಪಕ್ಕದ ಮನೆಯವರೇ ಆಗಿದ್ದರೆ ಅವರೊಡನೆ ಹೇಗೆ ನಡೆದುಕೊಳ್ಳಬೇಕು? ಸ್ವಾತಂತ್ರ್ಯ ಹೋರಾಟದ ಮಕ್ಕಳ ಪುಸ್ತಕಗಳು ಹೆಚ್ಚಾಗಿ ಜೀವನಚರಿತ್ರೆಗಳೇ ಆಗಿರುವುದರಿಂದ ಇಂಥ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಯಾರ ಮಕ್ಕಳು ಪುಸ್ತಕದಲ್ಲಿ ಬರುತ್ತಾರೆ ಎಂಬುದೂ ಇದೇ ಮಾತಿನ ಮುಂದುವರಿಕೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಒಂದು ತರಗತಿಯಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ, ನವಾಯತಿ ಮನೆಮಾತಿನ ಮಕ್ಕಳು ಒಟ್ಟಿಗೆ ಕೂತಿರಬಹುದು. ಅಂಬಿಗರ, ಖಾರ್ವಿಗಳ, ಮೊಗೇರರ ಮಕ್ಕಳಿಗೆ ಕಡಲಿನ ಬಗ್ಗೆ ಶಿಕ್ಷಕರಿಗಿಂತ ಹೆಚ್ಚು ತಿಳಿದಿರಬಹುದು. ಪುಸ್ತಕದ ಮಗುವಾದರೋ ಬಹಳ ಸಲ ಜಾತಿ, ಧರ್ಮ, ಕಸುಬು ಯಾವುದೂ ಇಲ್ಲದ ‘ಪುಟ್ಟ’ನಾಗಿರುತ್ತದೆ, ಗಮನಿಸಿ ನೋಡಿದರೆ ಆ ಪುಟ್ಟನ ಮನೆಯ ಅಡಿಗೆ, ಹಬ್ಬ, ಅಜ್ಜಿಯ ಕಥೆಗಳು ಒಂದೇ ಬಗೆಯ ಮನೆಯವು. 1993ರ ಕೋಮುಗಲಭೆಯನ್ನು ಕಂಡ ಭಟ್ಕಳದಂಥ ಊರಿನಲ್ಲಿ ಸೌಹಾರ್ದದ ಪುಸ್ತಕವೆಂದರೆ ಮೂರು ಧರ್ಮದ ಮೂವರು ಗೆಳೆಯರು ಕೈಹಿಡಿದು ನಿಂತ ಮುಖಪುಟವಾದರೆ ಸಾಲದು. ಒಂದೇ ಮೀನುಮಾರುಕಟ್ಟೆಯಲ್ಲಿ ಕೊಡು–ಕೊಳ್ಳುವ ಎರಡು ಮನೆಗಳು ಮಾತು ಬಿಟ್ಟದ್ದೇಕೆ, ಮತ್ತೆ ಮಾತಾಡಿದ್ದು ಹೇಗೆ ಎಂದು ಹೇಳುವ ಕಥೆಯನ್ನು ಮಗು ನಂಬುತ್ತದೆ. ನಿರೂಪಣೆಯನ್ನು ಪಠ್ಯದ ಕನ್ನಡದಲ್ಲಿಟ್ಟು ಮಾತುಕತೆಯನ್ನು ಮನೆಮಾತಿಗೆ ಬಿಡುವುದು ಇಲ್ಲಿ ಒಳ್ಳೆಯ ಉಪಾಯ. ಕುಮಟಾದ ಜಾನಪದ ವಿದ್ವಾಂಸ ಎಲ್.ಆರ್. ಹೆಗಡೆಯವರು ಈ ಜಿಲ್ಲೆಯ ನಾನಾ ಸಮುದಾಯಗಳಿಂದ ಸಂಗ್ರಹಿಸಿದ ಕಥೆ, ಹಾಡುಗಳ ರಾಶಿ ಮನೆಮಾತಿನ ಶಕ್ತಿಗೆ ಸಾಕ್ಷಿಯಾಗಿದೆ.

ಮಕ್ಕಳೇ ಬರೆದಾಗ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಬಾರ್ಬಿಯಾನ ಎಂಬ ಗುಡ್ಡದೂರಿನ ಶಾಲೆ ಹಳೆಯ ಉದಾಹರಣೆ. ಪರೀಕ್ಷೆಯಲ್ಲಿ ಫೇಲಾಗಿ ಶಾಲೆಯಿಂದ ಹೊರಬಿದ್ದ ಬಡ ರೈತರ ಎಂಟು ಹುಡುಗರು, ಪಾದ್ರಿ ಲೊರೆಂಜೊ ಮಿಲಾನಿಯ ಮಾರ್ಗದರ್ಶನದಲ್ಲಿ, ಬಡಮಕ್ಕಳನ್ನೇ ಶಾಲೆ ಏಕೆ ಹೊರಹಾಕುತ್ತದೆ ಎಂದು ಅಂಕಿಅಂಶ ಕೂಡಿಸಿ, ಚೀಟಿಗಳಲ್ಲಿ ಬರೆದು, ಜೋಡಿಸಿ, ಬೇಡದ ಪದಗಳನ್ನೆಲ್ಲ ಹೊಡೆದುಹಾಕಿ ಶಿಕ್ಷಕಿಯೊಬ್ಬರಿಗೆ ಬರೆದ ಪತ್ರದ ರೂಪದ ಪುಸ್ತಕ 1967ರಲ್ಲಿ ಪ್ರಕಟವಾಯಿತು. ನಮ್ಮ ಕರಾವಳಿಯಲ್ಲೂ ಇದಕ್ಕೆ ಹತ್ತಿರದ ಪ್ರಯೋಗ ನಡೆದಿದೆ. ದುಡಿಯುವ ಮಕ್ಕಳೇ ಸೇರಿ 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ ಮತ್ತು ಆ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ರೂಪುಗೊಂಡ ಮಕ್ಕಳ ಪಂಚಾಯಿತಿಗಳು ಮಕ್ಕಳ ಅಹವಾಲನ್ನು ಆಡಳಿತದ ಮೇಜಿಗೆ ತಂದವು. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯ ಕೇಳಬೇಕೆನ್ನುವ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಕರ್ನಾಟಕ ಸರ್ಕಾರ 2006ರಲ್ಲಿ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ,
ಅಂದರೆ ಮಕ್ಕಳು ಕೇಳಿ ಪಂಚಾಯಿತಿ ಉತ್ತರಿಸುವ ಸಭೆ, ನಡೆಯಬೇಕೆಂದು ಆದೇಶಿಸಿತು. ಮಳೆಗಾಲದಲ್ಲಿ ಹಳ್ಳ ದಾಟಲು ಹಾಕಿದ ಅಡಕೆಮರದ ಕಾಲುಸಂಕದ ಮೇಲೆ ಶಾಲೆಗೆ ಹೋಗುವ ಮಗು ಈ ಸಭೆಯಲ್ಲಿ ಎದ್ದುನಿಂತು ಸೇತುವೆ ಕೇಳಬಹುದು. ಕೇಳಿದ ಮೇಲೆ ಆ ಮಾತು ನಡಾವಳಿ ಪುಸ್ತಕಕ್ಕೆ ಏರಿತೇ, ಅಂದಾಜುಪಟ್ಟಿ ಆಯಿತೇ, ಕ್ರಿಯಾಯೋಜನೆಯಲ್ಲಿ ಸೇರಿತೇ, ಅನುದಾನ ಎಲ್ಲಿ ನಿಂತಿತು ಎಂದು ಬೆನ್ನುಹತ್ತುವ ಒಂದು ಮಕ್ಕಳ ಕಾದಂಬರಿ ಪತ್ತೇದಾರಿ ಕಥೆಯಷ್ಟೇ ರೋಚಕವಾಗಬಲ್ಲದು.

ಪುಸ್ತಕ ಮಗುವಿನ ಕೈಗೆ ತಲುಪುವ ದಾರಿಯ ಬಗ್ಗೆಯೂ ಒಂದು ಮಾತು ಅಗತ್ಯ. ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ಪದ್ಧತಿ, ಪುಟ ಕಡಿಮೆಯಿದ್ದು ಬಣ್ಣದ ಚಿತ್ರಗಳಿಗೆ ಹೆಚ್ಚು ಖರ್ಚಾಗುವ ಮಕ್ಕಳ ಪುಸ್ತಕಕ್ಕೆ ಒಗ್ಗುವುದಿಲ್ಲ. ಪ್ರಕಾಶಕರು ಚಿತ್ರ ಕಡಿಮೆ ಮಾಡಿ ಪುಟ ಹಿಗ್ಗಿಸುತ್ತಾರೆ, ಚಿತ್ರಕಾರರ ಹೆಸರು ಎಷ್ಟೋ ಸಲ ಮುಖಪುಟದಲ್ಲೂ ಇರುವುದಿಲ್ಲ. ಇನ್ನೊಂದು ಕಡೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ದೊರೆತಿದೆ, ಆ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯಲಾಗುತ್ತಿದೆ. ಓದುಗರು ಸಿದ್ಧರಿದ್ದಾರೆ, ಕಪಾಟೂ ಸಿದ್ಧವಿದೆ.

ಮಕ್ಕಳಿಗಾಗಿ ಬರೆಯಹೊರಟವರು ಲೇಖನಿ ಹಿಡಿಯುವ ಮೊದಲು ತಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಒಮ್ಮೆಯಾದರೂ ಹಿಂದಿನ ಸಾಲಿನಲ್ಲಿ ಕೂತು, ಬಾಯಿ ಬಿಡದೆ, ಅಲ್ಲಿ ಏಳುವ ಪ್ರಶ್ನೆಗಳನ್ನು ಬರೆದುಕೊಳ್ಳಬೇಕು. ಕಾಗಾಲದ ಶಿಕ್ಷಕರು, ಗ್ರಂಥಪಾಲಕರು, ಗಜನಿಯ ರೈತರು ಸೇರಿ ಊರಿನ ಮಕ್ಕಳಿಂದಲೇ ಕಟ್ಟೆಯ ಕಥೆಯನ್ನು ಬರೆಯಿಸಲು ಮುಂದಾದರೆ ಇನ್ನೂ ಒಳ್ಳೆಯದು. ಅದಕ್ಕೆ ಬೇಕಾದ ಕಾಗದದ ಖರ್ಚನ್ನು ಪಂಚಾಯಿತಿ ತನ್ನ ಗ್ರಂಥಾಲಯದ ಲೆಕ್ಕದಲ್ಲಿ ಭರಿಸಲಿ.